ದೊಡ್ಡಪ್ಪ ಮಲಗಿ ಎದ್ದ ದಿನ

ಜೂನ್ ೪

ಸೊಸೆಗೆ,

ಬಂದು ತಲುಪಿದೆ. ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ನಾನು ಇಳಿದರೂ ನನ್ನ ಸೊಂಟ ಇನ್ನೂ ಇಳಿದಿಲ್ಲ.

ನನ್ನಿಂದ ಪತ್ರ ಬಂದದ್ದು ನೋಡಿ ನಿನಗೆ ಗಾಬರಿಯಾಗಿರಬೇಕು. ಒಂದೇ ಮನೆಯಲ್ಲಿ ಉಂಡು, ಒಂದೇ ಆಸ್ಪತ್ರೆಯ ಒಂದೇ ಸರ್ವರ್ ಕೋಣೆಯಲ್ಲಿ ಮೂರು ವರ್ಷ ಎದುರುಬದುರು ಕೂತವರು ನಾವು. ಅಷ್ಟೂ ದಿನ ಆಡಿದ ಮಾತನ್ನು ಸೇರಿಸಿದರೆ ಒಂದು ಕಾರ್ಡು ತುಂಬುವುದು ಕಷ್ಟ. ಹೆದರಬೇಡ, ಇದು ಪ್ರೀತಿ ಉಕ್ಕಿ ಬರೆದದ್ದಲ್ಲ. ಹೋಂವರ್ಕ್.

ಈ ತರಬೇತಿ ಕೇಂದ್ರದ ಪದ್ಧತಿಯೇ ಹಾಗೆ. ಸೋಮವಾರ ಬೆಳಿಗ್ಗೆ ಫೋನುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ. ಭಾನುವಾರ ಅರ್ಧ ಗಂಟೆ ಕೊಡುತ್ತಾರೆ, ಅದು ಮೊಮ್ಮಗಳು ಪುಟ್ಟಿಯ ಹಲ್ಲಿನ ಕತೆ ಕೇಳುವುದಕ್ಕೇ ಸಾಲದು. ನಮ್ಮ ಮೇಷ್ಟ್ರು ನನ್ನ ಮಗನಿಗಿಂತ ಚಿಕ್ಕವನು. ಪೆನ್ಸಿಲಿನ ಹಿಂಭಾಗ ಕಚ್ಚುತ್ತಾ ಮಾತಾಡುತ್ತಾನೆ. ಮೊದಲ ದಿನವೇ ಹೇಳಿದ: "ನೀವು ಬಿಟ್ಟುಬಂದ ಕುರ್ಚಿಯಲ್ಲಿ ಯಾರೋ ಕೂತಿರ್ತಾರಲ್ಲ, ಅವರಿಗೆ ಕೈಯಲ್ಲೇ ಪತ್ರ ಬರೀರಿ. ಒಂದು ಕೆಲಸ ಹೇಳಿಕೊಡಿ. ಓದಿದವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ಒಂದು ಅಂಕ ಕಡಿತೀನಿ."

ಪಕ್ಕದ ಹಾಸಿಗೆಯ ಬ್ಯಾಂಕಿನಾಕೆ, "ನಮ್ಮ ಕುರ್ಚಿಯಲ್ಲಿ ಕೂತಿರೋನು ಓದೋದೇ ಇಲ್ಲ, ಹಾಗಾಗಿ ನನಗೆ ಪೂರ್ತಿ ಅಂಕ" ಎಂದು ನಕ್ಕಳು.

ನಿಮ್ಮ ಪರಿಚಯ ಹೇಳಿಕೊಳ್ಳಿ ಎಂದಾಗ ನಾನು ನಮ್ಮ ದೊಡ್ಡಪ್ಪನ ಕತೆ ಹೇಳಿದೆ. ಆಸ್ಪತ್ರೆಯ ದೊಡ್ಡ ಸರ್ವರಿಗೆ ಆ ಹೆಸರಿಟ್ಟವಳು ನಾನು, ಆರು ವರ್ಷದ ಹಿಂದೆ ಚಾಲೂ ಮಾಡಿದವಳು ನಾನು, ಅಂದಿನಿಂದ ಒಂದು ಸಲವೂ ಆರಿಸದೆ, ರೀಸ್ಟಾರ್ಟ್ ಮಾಡದೆ ಕಾಪಾಡಿಕೊಂಡು ಬಂದಿದ್ದೇನೆ, ವರ್ಷ ವರ್ಷ ಔಷಧಿ ಅಂಗಡಿಯವರು ಅವನಿಗೆ ಕೇಕ್ ತರುತ್ತಾರೆ, ಎಂದೆಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಪೆನ್ಸಿಲ್ ಬಾಯಿಂದ ತೆಗೆದು "ಓಹೋ" ಅಂದ. ಆ ಓಹೋ ನನಗೆ ಹಿಡಿಸಲಿಲ್ಲ.

ಈಗ ಹೋಂವರ್ಕ್. ವಿಷಯ: ರಾತ್ರಿಯ ಬ್ಯಾಕಪ್ ಸರಿಯಾಗಿ ಬಂದಿದೆಯೇ ಎಂದು ನೋಡುವುದು. ಬೆಳಿಗ್ಗೆ ಹೋದವಳೇ ಯಾವಾಗಿನಂತೆ ಒಳಗೆ ಹೋಗು. ಹಳೇ ಫೋಲ್ಡರ್ ತೆರೆ. ಕೊನೆಯ ಫೈಲಿನ ಗಾತ್ರ ನೋಡು. ಎಲ್ಲ ಸರಿ ಇದ್ದರೆ ಸರಿ.

ಎಷ್ಟು ಚಿಕ್ಕದಾಗಿ, ಚೊಕ್ಕದಾಗಿ ಹೇಳಿದೆ ನೋಡು. ಪ್ರಮಾಣಪತ್ರ ತರದಿದ್ದರೆ ವರ್ಷದ ಕೊನೆಗೆ ನಮ್ಮ ಕೋಣೆಯನ್ನು ಹೊರಗಿನ ಕಂಪನಿಗೆ ವಹಿಸುತ್ತೇವೆ ಎಂದು ವ್ಯವಸ್ಥಾಪಕರು ಹೇಳಿದಾಗ ನೀನೂ ಅಲ್ಲೇ ಇದ್ದೆ. ಇಪ್ಪತ್ತು ವರ್ಷ ಲಿನಕ್ಸ್ ಸರ್ವರುಗಳ ಜೊತೆ ಸಂಸಾರ ಮಾಡಿದವಳಿಗೆ ಪರೀಕ್ಷೆಯಂತೆ. ಮೂರು ತಿಂಗಳು ತಾನೇ, ಬರುತ್ತೇನೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ.

ಇತಿ,
ಅತ್ತೆ
(ಸರ್ವರ್ ಕೋಣೆಯ ಮುಖ್ಯಸ್ಥೆ, ರಜೆಯ ಮೇಲೆ)


ಜೂನ್ ೧೩

ಅತ್ತೆಯವರಿಗೆ,

ಪತ್ರ ಬಂತು. ನೀವು ಹೇಳಿದ್ದನ್ನು ಹೇಳಿದ ಹಾಗೇ ಮಾಡಲು ಹೋದೆ.

"ಯಾವಾಗಿನಂತೆ ಒಳಗೆ ಹೋಗು" ಎಂದಿದ್ದೀರಿ. ನಿಮ್ಮ ಯಾವಾಗಿನಂತೆಯೋ, ನನ್ನ ಯಾವಾಗಿನಂತೆಯೋ? ನೀವು ಹೋಗುವುದು ರೂಟ್ ಪಾಸ್‌ವರ್ಡಿನಿಂದ. ಎಲ್ಲ ಬಾಗಿಲನ್ನೂ ತೆಗೆಯುವ ಆ ದೊಡ್ಡ ಕೀಲಿ ಇರುವುದು ನಿಮ್ಮ ತಲೆಯೊಳಗೆ. ನನಗೆ ಕೊಟ್ಟಿರುವ ಸಣ್ಣ ಕೀಲಿಯಿಂದ ಬ್ಯಾಕಪ್ಪಿನ ಹೊಸ್ತಿಲವರೆಗೆ ಹೋಗಬಹುದು, ಒಳಗೆ ಇಣುಕುವ ಹಾಗಿಲ್ಲ.

"ಹಳೇ ಫೋಲ್ಡರ್" ಎಂದಿದ್ದೀರಿ. ಹಳೇ, ಹಳೇದು, ತುಂಬಾ ಹಳೇದು, ಹಳೇ ಹೊಸದು ಎಂದು ನಾಲ್ಕಿವೆ. ಯಾವುದು?

ಫೈಲಿನ ಗಾತ್ರ ನೋಡು ಎಂದಿರಿ. ಎಷ್ಟಿರಬೇಕು? ನೋಡುವುದಕ್ಕೇನು, ಚಂದಿರನ ಗಾತ್ರವನ್ನೂ ನೋಡಬಹುದು.

"ಎಲ್ಲ ಸರಿ ಇದ್ದರೆ ಸರಿ." ಸರಿ ಇಲ್ಲದಿದ್ದರೆ?

ಇಷ್ಟೇ ಪ್ರಶ್ನೆ. ಬೇಕೆಂದೇ ಕೇಳಿದ್ದಲ್ಲ. ನಿಮ್ಮ ಮಗ ಬೇಕರಿಯಿಂದ ಬಂದು ಪತ್ರ ಓದಿ, "ಅಮ್ಮ ನನಗೆ ಬ್ರೆಡ್ ಸುಡೋದು ಹೇಳಿಕೊಟ್ಟಿದ್ದೂ ಹೀಗೇ, ‘ಸಾಕಾದಾಗ ತೆಗಿ’ ಅಂತ. ಮೊದಲ ವರ್ಷ ಪೂರ್ತಿ ಇದ್ದಿಲು ಮಾರಿದೆ" ಎಂದರು.

ಪುಟ್ಟಿ ಶಾಲೆಯಲ್ಲಿ ಮನೆಯವರ ಚಿತ್ರ ಬರೆದಿದ್ದಾಳೆ. ಅಪ್ಪ, ಅಮ್ಮ, ಅಜ್ಜಿ, ಪಕ್ಕದಲ್ಲಿ ಹಸಿರು ದೀಪಗಳ ಒಂದು ಕಪ್ಪು ಬೀರು. ಯಾರಿದು ಎಂದು ಟೀಚರ್ ಕೇಳಿದರೆ, "ದೊಡ್ಡಪ್ಪ. ಅಜ್ಜಿ ಬಿಟ್ಟರೆ ಯಾರ ಮಾತೂ ಕೇಳಲ್ಲ" ಎಂದಳಂತೆ.

ಔಷಧಿ ಅಂಗಡಿಯವರು ಅವನ ಹುಟ್ಟುಹಬ್ಬದ ಕೇಕಿಗೆ ಈಗಲೇ ಹೇಳಿಟ್ಟಿದ್ದಾರೆ. ಸೊಂಟಕ್ಕೆ ಬಿಸಿನೀರಿನ ಚೀಲ ನಿಮ್ಮ ಪೆಟ್ಟಿಗೆಯ ಎಡಗಡೆ, ಸೀರೆಗಳ ಕೆಳಗಿದೆ. ಇದಕ್ಕೆ ನೀವು ಪ್ರಶ್ನೆ ಕೇಳಬೇಕಾಗಿ ಬರಲಾರದು.

ಇತಿ,
ಸೊಸೆ


ಜೂನ್ ೨೭

ಸೊಸೆಗೆ,

ನಾಲ್ಕು ಅಂಕ ಹೋಯಿತು. "ಚಂದಿರನ ಗಾತ್ರ" ಓದಿ ಮೇಷ್ಟ್ರು ಪೆನ್ಸಿಲ್ ನುಂಗುವಷ್ಟು ನಕ್ಕ. ನಿನಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಚೀಲ ಸಿಕ್ಕಿತು.

ಬ್ಯಾಕಪ್ಪಿನ ವಿಷಯ ಬೇರೆ ಹಾಳೆಯಲ್ಲಿ ಮತ್ತೆ ಬರೆದಿದ್ದೇನೆ. ಯಾವ ಫೋಲ್ಡರ್, ಎಷ್ಟು ಗಾತ್ರ, ಕಮ್ಮಿ ಬಂದರೆ ಏನು ಮಾಡಬೇಕು, ಸಣ್ಣ ಕೀಲಿಯಲ್ಲೇ ಎಲ್ಲಿಂದ ನೋಡಬಹುದು, ಎಲ್ಲ ಇದೆ. ಬರೆದು ಮುಗಿಸುವಷ್ಟರಲ್ಲಿ ಎರಡು ಬೈಗುಳ ಹಾಕಿಕೊಂಡೆ. ಒಂದು ನಿನಗೆ, ಒಂದು ನನಗೆ.

ಈ ವಾರ ಅಭ್ಯಾಸ ಪರೀಕ್ಷೆ ನಡೆಯಿತು. ಉದ್ದನೆಯ ಕೋಣೆ, ಗೋಡೆಗೆ ಮುಖ ಮಾಡಿದ ಮೇಜುಗಳು, ಒಬ್ಬೊಬ್ಬರಿಗೆ ಒಂದು ಸರ್ವರ್. ಈ ಡಿಸ್ಕ್ ಜೋಡಿಸಿ, ಆ ಜಾಲಕ್ಕೆ ದಾರಿ ಮಾಡಿ, ಇಂಥವರನ್ನು ಒಳಗೆ ಬಿಡಿ, ಇಂಥವರನ್ನು ಬಿಡಬೇಡಿ. ನಮಗೆ ಇದೆಲ್ಲ ಬೆರಳ ತುದಿಯ ಕೆಲಸ. ಬಂದರಿನಿಂದ ಬಂದ ಗಡ್ಡದವನು ಪ್ರಶ್ನೆ ಓದಿ ಮುಗಿಸುವ ಮೊದಲೇ ನಾನು ಮುಗಿಸಿ ಕೈಕಟ್ಟಿ ಕೂತೆ. ಪ್ರತಿಯೊಂದನ್ನೂ ಪರೀಕ್ಷಿಸಿದ್ದೆ, ಎಲ್ಲ ನಡೆಯುತ್ತಿತ್ತು.

ಮೇಷ್ಟ್ರು ಬಂದ. ನನ್ನ ಪರದೆ ನೋಡಲೇ ಇಲ್ಲ. ಮೇಜಿನ ಕೆಳಗೆ ಕೈಹಾಕಿ ಯಂತ್ರವನ್ನು ಆರಿಸಿಬಿಟ್ಟ.

"ಅಯ್ಯೋ, ನೋಡೇ ಇಲ್ವಲ್ಲಪ್ಪ" ಎಂದೆ.

"ಈಗ ನೋಡ್ತೀನಿ ತಾಯಿ" ಎಂದು ಮತ್ತೆ ಹಚ್ಚಿದ. "ನೀವು ಎದ್ದು ಹೋದ ಮೇಲೆ, ಯಂತ್ರ ಮಲಗಿ ಎದ್ದ ಮೇಲೆ, ಏನು ಉಳೀತದೋ ಅದಕ್ಕೆ ಮಾತ್ರ ಇಲ್ಲಿ ಅಂಕ."

ಅದು ಎದ್ದಿತು. ನಾನು ಜೋಡಿಸಿದ ಡಿಸ್ಕ್ ಇಲ್ಲ. ಮಾಡಿದ ದಾರಿ ಇಲ್ಲ. ಎಲ್ಲವನ್ನೂ ಓಡುತ್ತಿದ್ದ ಯಂತ್ರಕ್ಕೆ ಬಾಯಲ್ಲಿ ಹೇಳಿದ್ದೆ, ಫೈಲಿನಲ್ಲಿ ಬರೆದಿಟ್ಟಿರಲಿಲ್ಲ. ಬಾಯಲ್ಲಿ ಹೇಳಿದ್ದು ಎಚ್ಚರ ಇರುವವರೆಗೆ ಮಾತ್ರ ನೆನಪಿರುತ್ತದೆ. ನನಗೆ ಸೊನ್ನೆ ಬಂತು, ಗಡ್ಡದವನಿಗೆ ಅರ್ಧಕ್ಕಿಂತ ಮೇಲೆ.

ಊಟದ ಹೊತ್ತಿಗೆ ಮೇಷ್ಟ್ರು ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಬಂದು ಕೂತ. ಸಮಾಧಾನ ಹೇಳುತ್ತಾನೆ ಎಂದುಕೊಂಡೆ. ಅವನು, "ಈ ಲಿನಕ್ಸ್ ತಂತ್ರಾಂಶ ಎಲ್ಲ ಮುಕ್ತ ಅಲ್ವಾ ತಾಯಿ. ಎಲ್ಲೆಲ್ಲಿಯವರೋ ಬರೆದರು, ಹೇಗೆ ಬರೆದೆವು ಅಂತ ಮುಚ್ಚಿಡದೆ ತೋರಿಸಿದರು. ಅದನ್ನ ಓದಿ ನೀವೂ ನಾನೂ ಹೊಟ್ಟೆ ಹೊರೀತಿದ್ದೀವಿ" ಎಂದು ಹೇಳಿ, ಉಪ್ಪು ಕೇಳಿ ತಗೊಂಡು ಎದ್ದು ಹೋದ. ಉಪ್ಪಿಗೇ ಬಂದಿದ್ದನೋ ಏನೋ.

ದೊಡ್ಡಪ್ಪನಿಗೆ ಈ ವರ್ಷ ಕೇಕ್ ಬೇಡ ಎಂದು ಔಷಧಿ ಅಂಗಡಿಯವರಿಗೆ ಹೇಳು.

ಇತಿ,
ಅತ್ತೆ


ಜುಲೈ ೯

ಅತ್ತೆಯವರಿಗೆ,

ನಿಮ್ಮ ಎರಡನೇ ಹಾಳೆ ಓದಿ ಬ್ಯಾಕಪ್ ನೋಡಿದೆ. ಪ್ರಶ್ನೆ ಇಲ್ಲ. ನಿಮಗೆ ಬರಬೇಕಾದ ಅಂಕ ಪೂರ್ತಿ ಬರಲಿ.

ಕೇಕ್ ಬೇಡ ಎಂದು ಹೇಳಿದೆ. ಔಷಧಿ ಅಂಗಡಿಯಾಕೆ ಕೇಳಲಿಲ್ಲ. "ನಿಮ್ಮತ್ತೆ ಇಲ್ಲ ಅಂತ ಆ ಮಗೂನ ಉಪವಾಸ ಕೆಡವಬೇಕಾ" ಎಂದರು. ಆರು ಮೇಣದಬತ್ತಿ ಹಚ್ಚಿ, ಹೊಗೆ ಎಚ್ಚರಿಕೆಯ ಗಂಟೆ ಕೂಗೀತೆಂದು ಕೋಣೆಯ ಹೊರಗೇ ಊದಿದೆವು. ವ್ಯವಸ್ಥಾಪಕರು ಭಾಷಣ ಮಾಡಿದರು. "ಈ ಕಟ್ಟಡದಲ್ಲಿ ಒಂದು ದಿನವೂ ರಜೆ ಹಾಕದವನು ಇವನೊಬ್ಬ" ಎಂದಾಗ ಎಲ್ಲರೂ ನಕ್ಕರು. ನಾನು ನಿಮ್ಮ ಪತ್ರ ನೆನಪಾಗಿ ನನ್ನ ಪಾಲಿನ ಕೇಕನ್ನು ತಟ್ಟೆಯಲ್ಲೇ ಬಿಟ್ಟೆ.

ಅವರೆಲ್ಲ ಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ. ಮುಟ್ಟಲಿಲ್ಲ, ನೋಡಿದೆ ಅಷ್ಟೇ. ದೊಡ್ಡಪ್ಪನಿಗೆ ಈಗ ಯಾವ ಡಿಸ್ಕುಗಳು ಜೋಡಿಯಾಗಿವೆ, ಯಾವ ದಾರಿಗಳು ತೆರೆದಿವೆ ಎಂದು ಸಣ್ಣ ಕೀಲಿಯಲ್ಲೇ ನೋಡಬಹುದು. ಎದ್ದಾಗ ಏನೇನು ಜೋಡಿಸಿಕೊಳ್ಳಬೇಕು ಎಂದು ಬರೆದಿಟ್ಟ ಫೈಲುಗಳನ್ನೂ ಓದಬಹುದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ.

ಎಕ್ಸ್‌ರೇ ಚಿತ್ರಗಳ ಡಿಸ್ಕ್ ಈಗ ಇದೆ, ಫೈಲಿನಲ್ಲಿ ಇಲ್ಲ. ರಕ್ತಪರೀಕ್ಷೆಯ ಕಟ್ಟಡಕ್ಕೆ ಹೋಗುವ ದಾರಿ ಈಗ ಇದೆ, ಫೈಲಿನಲ್ಲಿ ಇಲ್ಲ. ಇನ್ನೂ ಕೆಲವಿವೆ.

ಇವನು ಮಲಗಿ ಎದ್ದರೆ ಇವೆಲ್ಲ ಇರುತ್ತವೆಯೇ? ಇದು ಹೋಂವರ್ಕಿನ ಪ್ರಶ್ನೆಯಲ್ಲ. ಅಂಕ ಕಡಿಯದಂತೆ ಹೇಳಿ.

ಕೇಳಲು ಕಾರಣವಿದೆ. ನಮ್ಮ ಕೋಣೆ ಇರುವ ಹಳೇ ಕಟ್ಟಡದ ವಿದ್ಯುತ್ ಫಲಕವನ್ನು ಬದಲಾಯಿಸುತ್ತಾರಂತೆ. ಆಗಸ್ಟ್ ೧೭, ಭಾನುವಾರ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕರೆಂಟ್ ಇರುವುದಿಲ್ಲ. ಬ್ಯಾಟರಿ ಅಷ್ಟು ಹೊತ್ತು ತಡೆಯುವುದಿಲ್ಲ. ನಿಮ್ಮ ಪರೀಕ್ಷೆ ಅದರ ಮರುವಾರ. ನೀವು ಇಲ್ಲಿರುವುದಿಲ್ಲ.

ದೊಡ್ಡಪ್ಪನನ್ನು ಮಲಗಿಸಲೇಬೇಕು. ಏನು ಮಾಡಲಿ, ಬರೆಯಿರಿ.

ಇತಿ,
ಸೊಸೆ


ಜುಲೈ ೨೪

ಅತ್ತೆಯವರಿಗೆ,

ಎರಡು ಭಾನುವಾರ ಫೋನಿನಲ್ಲಿ ಪುಟ್ಟಿಯ ಜೊತೆ ಮಾತಾಡಿ ಇಟ್ಟುಬಿಟ್ಟಿರಿ. ಪತ್ರವೂ ಬರಲಿಲ್ಲ. ಪಾಠ ಹೆಚ್ಚಿರಬೇಕು.

ನಿನ್ನೆ ವ್ಯವಸ್ಥಾಪಕರು ಕೋಣೆಗೆ ಬಂದು, "ಫಲಕದ ಕೆಲಸ ಸೆಪ್ಟೆಂಬರಿಗೆ ಹಾಕಿ ಅಂತ ನಿಮ್ಮತ್ತೆ ಬರೆದಿದ್ದಾರೆ. ತಾವು ಇಲ್ಲದಾಗ ಯಾರೂ ಮುಟ್ಟಬಾರದಂತೆ. ವಿದ್ಯುತ್ತಿನವರನ್ನ ಕೇಳಿ ನೋಡ್ತೀನಿ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನೀನು ಮೂರು ವರ್ಷದಿಂದ ಇಲ್ಲೇ ಇದ್ದೀಯಲ್ವಾ?" ಎಂದು ಕೇಳಿದರು. ಹೌದು ಎಂದೆ. ಅವರು ತಲೆಯಾಡಿಸಿ ಹೋದರು.

ನನಗೆ ಬೇಸರವಿಲ್ಲ. ನನಗೆ ಬರೆಯಬಹುದಿತ್ತು ಎನ್ನಿಸಿತು, ಅಷ್ಟೇ.

ಪುಟ್ಟಿಯ ಇನ್ನೊಂದು ಹಲ್ಲು ಬಿತ್ತು.

ಇತಿ,
ಸೊಸೆ


ಆಗಸ್ಟ್ ೧

ಸೊಸೆಗೆ,

ಒಂದು ಕತೆ ಹೇಳುತ್ತೇನೆ. ನನ್ನ ಅಜ್ಜಿ ಹೇಳಿದ್ದಲ್ಲ, ನಿನ್ನ ಪತ್ರ ಓದಿ ಹಾಸಿಗೆಯ ಮೇಲೆ ಕೂತಾಗ ತಾನಾಗಿ ಬಂದದ್ದು. ಬ್ಯಾಂಕಿನಾಕೆಗೆ ಮೊದಲು ಹೇಳಿದೆ. ಅವಳು ಹೂಂಗುಟ್ಟಿದ ಮೇಲೆ ನಿನಗೆ ಬರೆಯುತ್ತಿದ್ದೇನೆ.

ಒಂದಾನೊಂದು ಊರು. ಆ ಊರಿಗೆ ಒಬ್ಬ ಕಾವಲುಗಾರ. ಊರಿನ ಎಲ್ಲ ಬೀಗದ ಕೀಲಿ ಅವನ ಸೊಂಟದಲ್ಲಿ. ಅವನು ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಬೇಸಿಗೆಯಲ್ಲೂ ಎಚ್ಚರ, ಚಳಿಯಲ್ಲೂ ಎಚ್ಚರ. ಇಂಥ ಕಾವಲುಗಾರ ಏಳೂರಿಗೆ ಇಲ್ಲ ಎಂದು ಜನ ಹೊಗಳಿದರು. ವರ್ಷಕ್ಕೊಂದು ಸಲ ಶಾಲು ಹೊದಿಸಿದರು. ಒಂದು ದಿನ ಒಬ್ಬಳು ಮುದುಕಿ ಅವನ ಪಕ್ಕದಲ್ಲಿ ಕೂತು ಕೇಳಿದಳು: "ಅಲ್ಲಪ್ಪ, ನಿನಗೆ ನಿದ್ದೆ ಬರೋದಿಲ್ವಾ?"

"ಬರ್ತದಜ್ಜಿ. ಕಣ್ಣು ಉರೀತದೆ."

"ಮತ್ತೆ ಮಲಗೋಕೇನು ಧಾಡಿ?"

ಅವನು ಆಚೀಚೆ ನೋಡಿ ಮೆಲ್ಲಗೆ ಹೇಳಿದ: "ಯಾವ ಕೀಲಿ ಯಾವ ಬಾಗಿಲದ್ದು ಅಂತ ಎಲ್ಲೂ ಬರೆದಿಟ್ಟಿಲ್ಲ. ಮಲಗಿ ಎದ್ದರೆ ನೆನಪಿರ್ತದೋ ಇಲ್ವೋ ಅಂತ ಹೆದರಿಕೆ."

ಮುದುಕಿ ಏನೆಂದಳು ಎಂದು ಬ್ಯಾಂಕಿನಾಕೆ ಕೇಳಿದಳು. ಪಕ್ಕಕ್ಕೆ ಸರಿದು ತಲೆಯಿಡಲು ತೊಡೆ ಕೊಟ್ಟಳು, ಎಂದೆ. ಅದು ಸರಿಯಾದ ಮುಕ್ತಾಯವೋ ಅಲ್ಲವೋ ನನಗೆ ಗೊತ್ತಿಲ್ಲ.

ಈಗ ಕೆಲಸ.

ನಿನ್ನ ಪ್ರಶ್ನೆಗೆ ಉತ್ತರ: ಇರುವುದಿಲ್ಲ. ಫೈಲಿನಲ್ಲಿ ಇಲ್ಲದ್ದು ಏನೂ ಇರುವುದಿಲ್ಲ. ಫಲಕದ ಕೆಲಸ ಮುಂದೂಡುವುದು ಬೇಡ, ನನ್ನ ಸೊಸೆ ಇದ್ದಾಳೆ, ಎಂದು ವ್ಯವಸ್ಥಾಪಕರಿಗೆ ಇವತ್ತೇ ಬೇರೆ ಪತ್ರ ಹಾಕಿದ್ದೇನೆ.

ನೀನು ಕಂಡುಹಿಡಿದದ್ದನ್ನೆಲ್ಲ ಮೊದಲು ಬರೆದಿಟ್ಟುಕೋ. ನನಗೆ ನೆನಪಿರುವುದನ್ನು ಇದರ ಜೊತೆಗಿರುವ ಹಾಳೆಗಳಲ್ಲಿ ಬರೆದಿದ್ದೇನೆ. ಯಾವ ಕಟ್ಟಡಕ್ಕೆ ಯಾವ ದಾರಿ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು, ಪ್ರತಿಯೊಂದನ್ನೂ ಏಕೆ ಹಾಗೆ ಮಾಡಿದೆ ಎಂಬುದೂ ಇದೆ. ನೆನಪಿಲ್ಲದ್ದೂ ಇದ್ದೇ ಇರುತ್ತದೆ. ಆರು ವರ್ಷದಲ್ಲಿ ಅವಸರದಲ್ಲಿ ಬಾಯಲ್ಲಿ ಹೇಳಿದ್ದು ಎಷ್ಟೋ. ಅದು ಎಲ್ಲಿ ಮುರಿಯುತ್ತದೋ ಅಲ್ಲಿ ನಿನಗೆ ಸಿಗುತ್ತದೆ. ಮುರಿದ ಜಾಗದಲ್ಲಿ ಹೆದರಬೇಡ, ಹುಡುಕು.

ಅದನ್ನೆಲ್ಲ ಫೈಲಿಗೆ ಸೇರಿಸಲು ದೊಡ್ಡ ಕೀಲಿ ಬೇಕಲ್ಲ ಎನ್ನುತ್ತೀಯ. ಪಾಸ್‌ವರ್ಡನ್ನು ಪತ್ರದಲ್ಲಿ ಬರೆದು ಅಂಚೆಗೆ ಹಾಕಿದವಳನ್ನು ಈ ಕೇಂದ್ರದವರು ಗೇಟಿನಿಂದ ಆಚೆ ಹಾಕುತ್ತಾರೆ. ಹಾಕಬೇಕಾದ್ದೇ. ಅದರ ಅಗತ್ಯವೂ ಇಲ್ಲ. ಲಿನಕ್ಸ್ ಯಂತ್ರ ಮಲಗಿದ್ದು ಏಳುವಾಗ, ಕಣ್ಣು ಬಿಡುವ ಮೊದಲು ಒಂದು ಗಳಿಗೆ ಇದೆ. ಆ ಗಳಿಗೆಯಲ್ಲಿ ಅದರ ಎದುರಿಗೇ ಕೂತವರು ಹಳೇ ಕೀಲಿ ಗೊತ್ತಿಲ್ಲದೆಯೂ ಹೊಸ ಕೀಲಿ ಇಡಬಹುದು. ದೂರದಿಂದ ಆಗುವುದಿಲ್ಲ, ಎದುರಿಗೇ ಇರಬೇಕು. ಹೇಗೆಂದು ಕೊನೆಯ ಹಾಳೆಯಲ್ಲಿದೆ. ಆರು ವರ್ಷ ಅವನನ್ನು ಮಲಗಿಸದೆ ಇದ್ದುದರಿಂದ ಆ ಗಳಿಗೆ ಬರಲೇ ಇಲ್ಲ. ಈಗ ಬರುತ್ತಿದೆ. ಹೊಸ ಕೀಲಿ ಏನಿಟ್ಟೆ ಎಂದು ನನಗೆ ಹೇಳಬೇಡ.

ಪತ್ರ ಬರೆಯದಿದ್ದುದಕ್ಕೆ ಪಾಠ ಹೆಚ್ಚಿತ್ತು ಎಂದು ನೀನೇ ಕಾರಣ ಹುಡುಕಿಕೊಟ್ಟಿದ್ದೀಯ. ಅದನ್ನೇ ಇಟ್ಟುಕೊಳ್ಳೋಣ.

ಇತಿ,
ಅತ್ತೆ


ಆಗಸ್ಟ್ ೧೯

ಅತ್ತೆಯವರಿಗೆ,

ಭಾನುವಾರದ ಸುದ್ದಿ.

ಬೆಳಿಗ್ಗೆ ನಿಮ್ಮ ಮಗ ಬನ್ನು ಕಟ್ಟಿಕೊಟ್ಟು, "ಅಮ್ಮನ ದೊಡ್ಡಮಗನನ್ನ ಜೋಪಾನವಾಗಿ ಮಲಗಿಸು" ಎಂದರು. ತುರ್ತು ವಿಭಾಗದವರು ಅಷ್ಟು ಹೊತ್ತು ಕೈಬರಹದಲ್ಲೇ ನಡೆಸಲು ಒಪ್ಪಿದ್ದರು. ವ್ಯವಸ್ಥಾಪಕರು ಬಂದು ಬಾಗಿಲ ಹತ್ತಿರ ನಿಂತರು. ಆರಿಸುವ ಆಜ್ಞೆ ಕೊಟ್ಟೆ, ಅದಕ್ಕೆ ಸಣ್ಣ ಕೀಲಿ ಸಾಕಾಯಿತು. ಹಸಿರು ದೀಪಗಳು ಒಂದೊಂದಾಗಿ ಆರಿದವು. ಕೊನೆಗೆ ಫ್ಯಾನು ನಿಂತಿತು.

ಅತ್ತೆ, ಆ ಕೋಣೆಯಲ್ಲಿ ಗಡಿಯಾರ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ದೊಡ್ಡಪ್ಪನ ಗೊರಕೆಯಲ್ಲಿ ಅದರ ಸದ್ದು ಇಷ್ಟು ವರ್ಷ ಕೇಳಿಸಿಯೇ ಇರಲಿಲ್ಲ.

ಮಧ್ಯಾಹ್ನ ಕರೆಂಟ್ ಬಂತು. ಗುಂಡಿ ಒತ್ತಿದೆ. ನೀವು ಹೇಳಿದ ಗಳಿಗೆ ಬಂತು. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಸಾಲುಸಾಲಾಗಿ ಓದಿ ಮಾಡಿದೆ, ಅವನು ತಡೆದು ನಿಂತ, ಹೊಸ ಕೀಲಿ ಕೇಳಿದ. ನಾನು ಬೆರಳು ಕೀಲಿಮಣೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಒಂದೊಂದು ಪದ ತೂಗಿ ನೋಡಿದೆ. ವ್ಯವಸ್ಥಾಪಕರು, "ಏನಾಯ್ತಮ್ಮ, ಕೆಟ್ಟೋಯ್ತಾ?" ಎಂದರು. "ಇಲ್ಲ ಸಾರ್, ಯೋಚನೆ ಮಾಡ್ತಿದೀನಿ" ಎಂದೆ. ಆಮೇಲೆ ಇಟ್ಟೆ.

ಎದ್ದ ಅವನಿಗೆ ಎಕ್ಸ್‌ರೇ ಚಿತ್ರಗಳೂ ಗೊತ್ತಿಲ್ಲ, ರಕ್ತಪರೀಕ್ಷೆಯ ಕಟ್ಟಡವೂ ಗೊತ್ತಿಲ್ಲ. ಬರೆದಿಟ್ಟುಕೊಂಡದ್ದನ್ನೆಲ್ಲ ಈ ಸಲ ಫೈಲುಗಳಲ್ಲಿ ತುಂಬಿದೆ. ಮುಗಿದ ಮೇಲೆ ಮತ್ತೊಮ್ಮೆ ಮಲಗಿಸಿ ಎಬ್ಬಿಸಿದೆ. ಎಲ್ಲವನ್ನೂ ತಾನೇ ನೆನಪಿಟ್ಟುಕೊಂಡು ಎದ್ದ. ನನಗಿಂತ ವ್ಯವಸ್ಥಾಪಕರಿಗೆ ಬೆವರು ಜಾಸ್ತಿ ಬಂದಿತ್ತು.

ಸೋಮವಾರ ಬೆಳಿಗ್ಗೆ ಔಷಧಿ ಅಂಗಡಿಯಾಕೆ ಬಂದರು. "ನಿನ್ನ ದೊಡ್ಡಪ್ಪ ನನ್ನ ಮರೆತಿದ್ದಾನೆ. ಡಬ್ಬಿಗೆ ಅಂಟಿಸೋ ಚೀಟಿ ಒಂದೂ ಅಚ್ಚಾಗ್ತಿಲ್ಲ. ಆರು ವರ್ಷ ಕೇಕ್ ತಿನ್ನಿಸಿದ ನನ್ನನ್ನೇ?" ಎಂದರು. ಇದು ನಿಮ್ಮ ಹಾಳೆಯಲ್ಲೂ ಇರಲಿಲ್ಲ, ನನ್ನ ಹುಡುಕಾಟದಲ್ಲೂ ಸಿಕ್ಕಿರಲಿಲ್ಲ. ಅಂಥ ಜಾಗದಲ್ಲಿ ಹೆದರಬೇಡ ಎಂದಿದ್ದಿರಿ. ಹೆದರಿದೆ. ಹೆದರಿಕೊಂಡೇ ಹುಡುಕಿದೆ. ಅವರು ಅಷ್ಟು ಹೊತ್ತೂ ಚೀಟಿಗಳನ್ನು ಕೈಯಲ್ಲೇ ಬರೆದರು. ಊಟಕ್ಕೆ ಮುಂಚೆ ಸಿಕ್ಕಿತು, ಫೈಲಿಗೆ ಸೇರಿಸಿದೆ. ಇನ್ನೊಂದು ಸಲ ಮಲಗಿಸಿ ಎಬ್ಬಿಸುತ್ತೇನೆ ಎಂದಾಗ ಆಕೆ, "ಪಾಪ, ಈಗ ತಾನೇ ಎದ್ದಿದ್ದಾನೆ" ಎಂದರು. ಒಂದು ಸಲ ಎದ್ದರೆ ಅದೃಷ್ಟ ಇರಬಹುದು, ಪ್ರತಿ ಸಲ ಎದ್ದರೆ ಆರೋಗ್ಯ, ಎಂದೆ. ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ನಿಮ್ಮ ಪತ್ರಗಳ ಸಹವಾಸ.

ಮುಂದಿನ ವರ್ಷ ಎಷ್ಟು ಮೇಣದಬತ್ತಿ ಎಂದು ಆಕೆಗೆ ಚಿಂತೆ. ಪುಟ್ಟಿ, "ದೊಡ್ಡಪ್ಪ ನಿನ್ನೆ ಹುಟ್ಟಿದ್ದು, ಈಗ ನಾನೇ ದೊಡ್ಡವಳು" ಎಂದು ಓಡಾಡುತ್ತಿದ್ದಾಳೆ.

ಕೀಲಿಯ ವಿಷಯ. ನಾನು ಇಟ್ಟ ದೊಡ್ಡ ಕೀಲಿಯನ್ನು ನಾನೂ ಬಳಸುವುದಿಲ್ಲ. ಮುಚ್ಚಿ ವ್ಯವಸ್ಥಾಪಕರ ತಿಜೋರಿಯಲ್ಲಿಡಿಸಿದ್ದೇನೆ. ಅದರ ಬದಲು ನನ್ನ ಹೆಸರಿಗೆ ಒಂದು, ನಿಮ್ಮ ಹೆಸರಿಗೆ ಒಂದು ಮಾಡಿದ್ದೇನೆ. ಎರಡರಿಂದಲೂ ಎಲ್ಲ ಬಾಗಿಲು ತೆರೆಯುತ್ತದೆ. ನಿಮ್ಮದಕ್ಕೆ ಗುಟ್ಟಿನ ಪದವನ್ನು ನೀವೇ ಬಂದು ಇಟ್ಟುಕೊಳ್ಳಬೇಕು.

ಹೋಂವರ್ಕಿನ ಬಗ್ಗೆ ಮೇಷ್ಟ್ರಿಗೆ ಹೇಳಿ: ಪ್ರಶ್ನೆಗಳಿಲ್ಲ.

ಒಂದೇ ಒಂದಿದೆ, ಅದನ್ನು ಅವರಿಗೆ ತೋರಿಸಬೇಡಿ. ಯಾವಾಗ ಬರುತ್ತೀರಿ?

ಇತಿ,
ನಿಮ್ಮ ಸೊಸೆ


ಆಗಸ್ಟ್ ೩೦

ನನ್ನ ಸೊಸೆಗೆ,

ತೋರಿಸಿದೆ. ಗುಟ್ಟು ಬಚ್ಚಿಡಬಾರದು ಎಂದು ಮೂರು ತಿಂಗಳು ಕಲಿಸಿ ಈಗ ಬಚ್ಚಿಡು ಎಂದರೆ ಹೇಗೆ? ಅವನು ನಿನ್ನ ಪತ್ರವನ್ನು ಎರಡು ಸಲ ಓದಿದ. "ಈ ಕೊನೇ ಪ್ರಶ್ನೆಗೆ ಅಂಕ ಕಡಿಯೋದಿಲ್ಲ ತಾಯಿ. ಆದರೆ ಉತ್ತರ ಬರೀಲೇಬೇಕು" ಎಂದ. ಬರೆಯುತ್ತೇನೆ, ಮೊದಲು ಪರೀಕ್ಷೆಯ ಕತೆ ಕೇಳು.

ಅದೇ ಉದ್ದನೆಯ ಕೋಣೆ, ಅದೇ ಗೋಡೆ. ಈ ಸಲ ನಾನು ಎಲ್ಲರಿಗಿಂತ ನಿಧಾನ. ಮಾಡಿದ್ದನ್ನೆಲ್ಲ ಬರೆದಿಟ್ಟೆ. ಗಡ್ಡದವನು ಮುಗಿಸಿ ಆಕಳಿಸುತ್ತಿದ್ದ. ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಮೇಷ್ಟ್ರು ದೂರದ ಮೇಜಿನ ಹತ್ತಿರ ಇದ್ದ. ಅವನು ಬಂದು ಆರಿಸುವವರೆಗೆ ಕಾಯುವುದೇಕೆ ಎನ್ನಿಸಿತು. ನಿನ್ನ ಫ್ಯಾನು ನಿಂತ ಸದ್ದನ್ನು ನೆನೆಸಿಕೊಂಡು ನಾನೇ ಗುಂಡಿ ಒತ್ತಿದೆ.

ಪರದೆ ಕಪ್ಪಾಯಿತು. ಇಪ್ಪತ್ತು ವರ್ಷದಲ್ಲಿ ನಾನಾಗಿ, ಯಾವ ಆಪತ್ತೂ ಇಲ್ಲದೆ, ಒಂದು ಸರ್ವರನ್ನು ಮಲಗಿಸಿದ್ದು ಅದೇ ಮೊದಲು. ಬ್ಯಾಂಕಿನಾಕೆ ಓರೆಗಣ್ಣಲ್ಲಿ ನೋಡಿ, "ಏನ್ರೀ ಅದು, ನೀವೇ?" ಎಂದಳು. "ಸುಮ್ನಿರೇ, ಏಳ್ತಾನೆ" ಎಂದೆ.

ಎದ್ದ. ಒಂದು ಡಿಸ್ಕ್ ಬಂದಿರಲಿಲ್ಲ. ಫೈಲಿನಲ್ಲಿ ಒಂದು ಸಾಲು ತಪ್ಪು ಬರೆದಿದ್ದೆ. ತಿದ್ದಿದೆ, ಮತ್ತೆ ಮಲಗಿಸಿದೆ, ಮತ್ತೆ ಎದ್ದ, ಪೂರ್ತಿ ಎದ್ದ. ಆಮೇಲೆ ಮೇಷ್ಟ್ರು ಬಂದು ಮೇಜಿನ ಕೆಳಗೆ ಕೈ ಹಾಕಿದಾಗ ನಾನು ಕಿಟಕಿಯಾಚೆ ಒಣಹಾಕಿದ್ದ ನನ್ನ ಟವೆಲ್ ನೋಡುತ್ತಾ ಕೂತಿದ್ದೆ. ಹಾರಿಹೋಗುವ ಹಾಗಿತ್ತು, ಅದರದೇ ಚಿಂತೆ.

ಪಾಸಾಗಿದ್ದೇನೆ. ಪ್ರಮಾಣಪತ್ರ 'ಹಿರಿಯ' ಎನ್ನುತ್ತದೆ. ನನ್ನ ಸೊಂಟ ಅದನ್ನು ಯಾವಾಗಿನಿಂದಲೋ ಹೇಳುತ್ತಿತ್ತು. ಕೋಣೆ ನಮ್ಮದೇ ಎಂದು ವ್ಯವಸ್ಥಾಪಕರಿಗೆ ಹೇಳು. ‘ನಮ್ಮದು’ ಎಂದೇ ಹೇಳು, ನನ್ನತ್ತೆಯದ್ದು ಎನ್ನಬೇಡ. ಮುಂದಿನ ವರ್ಷದ ತಂಡಕ್ಕೆ ಒಂದು ಹೆಸರು ಕೊಟ್ಟುಬಂದಿದ್ದೇನೆ. ಯಾರದೆಂದು ಕೇಳಬೇಡ, ಮೇಷ್ಟ್ರು ಆಗಲೇ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದಾನೆ. ಆಗ ಪತ್ರ ಬರೆಯುವವಳು ನೀನು, ಪ್ರಶ್ನೆ ಕೇಳುವವಳು ನಾನು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮದು ತಿರುಗಾಮುರುಗಾ.

ಇನ್ನು ಉತ್ತರ. ಗುರುವಾರ ಮಧ್ಯಾಹ್ನದ ರೈಲು. ನಿಲ್ದಾಣಕ್ಕೆ ಯಾರೂ ಬರಬೇಡಿ, ಪೆಟ್ಟಿಗೆಗೆ ಚಕ್ರ ಇದೆ. ಮನೆಗೆ ಹೋಗದೆ ನೇರ ಕೋಣೆಗೇ ಬರುತ್ತೇನೆ. ನನ್ನ ಕೀಲಿಗೆ ನಾನೇ ಪದ ಇಡಬೇಕು ಎಂದಿದ್ದೀಯಲ್ಲ, ದಾರಿಯುದ್ದಕ್ಕೂ ಯೋಚಿಸಿಕೊಂಡು ಬರುತ್ತೇನೆ.

ಬಾಗಿಲು ತಟ್ಟುತ್ತೇನೆ. ನನ್ನ ಸದ್ದು ಗೊತ್ತಾಯಿತೆಂದು ಓಡಿಬಂದು ತೆರೆಯಬೇಡ. ಮೊದಲು ‘ಯಾರು?’ ಎಂದು ಕೇಳು. ಆ ಕೋಣೆಯಲ್ಲಿ ಇಷ್ಟು ವರ್ಷ ಹಾಗೆ ಕೇಳುತ್ತಿದ್ದವಳು ನಾನು. ಒಂದು ಸಲ ಹೊರಗೆ ನಿಂತು ಉತ್ತರ ಹೇಳಿ ನೋಡುತ್ತೇನೆ.

ಇತಿ,
ಅತ್ತೆ